ಅಮೀನರ ಟ್ಯಾಂಕು ಮತ್ತು ನನ್ನ ಕಿವಿ

ನಮ್ಮ ವೃತ್ತಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ, ಯಂತ್ರ ಯಾವುದು ಎಂಬುದು. ಉತ್ತರವಾಗಿ ನಾನು ಅವರ ಕೈಗೆ ಹಳೆಯ ಕಾಲದ, ದಪ್ಪನೆಯ ಒಂದು ರೂಪಾಯಿ ನಾಣ್ಯವನ್ನು ಕೊಡುತ್ತಿದ್ದೆ. ಅದನ್ನು ಹಿಡಿದು ಫೈಬರ್ ಹಲಗೆಯ ಮೇಲೆ ಬೆರಳಗಲಕ್ಕೊಮ್ಮೆ ತಟ್ಟುತ್ತ ಹೋಗಬೇಕು. ಗಾಜಿನ ನೂಲಿನ ಪದರಗಳು ರಾಳದಲ್ಲಿ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಹಲಗೆ ‘ಠಣ್’ ಎನ್ನುತ್ತದೆ. ಒಳಗೆಲ್ಲೋ ಪದರ ಬಿಟ್ಟಿದ್ದರೆ ‘ಡಬ್’ ಎನ್ನುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಜಾಗ ಒಂದೇ ರೀತಿ ನಯವಾಗಿ ಹೊಳೆಯುತ್ತಿರುತ್ತವೆ. ಈ ಎರಡು ಸದ್ದುಗಳ ನಡುವಿನ ವ್ಯತ್ಯಾಸವನ್ನು ಗುರುತಿಸಿ, ಅದನ್ನು ವ್ಯಾಕರಣಶುದ್ಧವಾದ ವಾಕ್ಯದಲ್ಲಿ ಬರೆದುಕೊಟ್ಟದ್ದೇ ನನ್ನ ವೃತ್ತಿಜೀವನ.

ಎರಡನೆಯ ಭಾಗವನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಈ ಕೆಲಸಕ್ಕೆ ಬರುವ ಮೊದಲು ನಾನು ಡೊಂಬಿವಲಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದೆ. ಕನ್ನಡ ಅಧ್ಯಾಪಕರು ರಜೆ ಹಾಕಿದಾಗಲೆಲ್ಲ ವ್ಯಾಕರಣವನ್ನೂ ಕಲಿಸುತ್ತಿದ್ದೆ. ಅವರು ರಜೆ ಹಾಕಲಿ ಎಂದು ನಾನು ಹಾರೈಸುತ್ತಿದ್ದೆ ಎಂಬ ಮಾತು ಶಾಲೆಯಲ್ಲಿ ಪ್ರಚಲಿತವಾಗಿತ್ತು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಮಕ್ಕಳ ಸಂಖ್ಯೆ ಕುಗ್ಗಿ ಕನ್ನಡ ವಿಭಾಗ ಮುಚ್ಚಿತು. ಭೌತಶಾಸ್ತ್ರದ ಪದವಿಯನ್ನು ಕಂಕುಳಲ್ಲಿರಿಸಿಕೊಂಡು ಠಾಣೆಯ ಒಂದು ಪರೀಕ್ಷಣಾ ಸಂಸ್ಥೆಯ ಮೆಟ್ಟಿಲೇರಿದೆ. ವಸ್ತುವನ್ನು ಒಡೆಯದೆ, ಕೊರೆಯದೆ, ಶಬ್ದದ ಅಲೆಗಳನ್ನು ಒಳಗೆ ಕಳುಹಿಸಿ ಅದರ ಹಾನಿಯನ್ನು ಕಂಡುಹಿಡಿಯುವುದು ಅಲ್ಲಿನ ಕೆಲಸ. ಹಿಂದಿನ ಬೆಂಚಿಗೆ ಪ್ರಶ್ನೆ ಎಸೆದು, ಬರುವ ಉತ್ತರದಿಂದ ಹುಡುಗನ ತಲೆಯೊಳಗೆ ಏನಿದೆಯೆಂದು ತಿಳಿಯುವುದೂ ಇದೇ ವಿದ್ಯೆಯಲ್ಲವೇ ಎಂದು ನಾನು ಸಂದರ್ಶನದಲ್ಲಿ ಹೇಳಿದೆ. ಸಂಸ್ಥೆಯ ಮಾಲೀಕರಾದ ದಾಮ್ಲೆ ಸಾಹೇಬರು ನಕ್ಕು, ಅಂದಿನಿಂದ ನನ್ನನ್ನು ‘ಗುರುಜಿ’ ಎಂದೇ ಕರೆದರು.

ದಾಮ್ಲೆ ಸಾಹೇಬರು ಉಕ್ಕಿನ ಕಾಲದ ಮನುಷ್ಯ. ಬಾಯ್ಲರು, ಕೊಳವೆ, ಸೇತುವೆಯ ತೊಲೆ ಇವುಗಳ ಬೆಸುಗೆಯನ್ನು ಪರೀಕ್ಷಿಸಿಯೇ ಅವರ ಕೂದಲು ನರೆತಿತ್ತು. ಫೈಬರ್ ಟ್ಯಾಂಕಿನ ಮೊದಲ ಕೆಲಸ ಬಂದಾಗ, ಉಕ್ಕಿಗೆ ಬಳಸುತ್ತಿದ್ದ, ಅಲೆ ಕಳುಹಿಸಿ ಮರಳಿ ಹಿಡಿಯುವ ಪ್ರೋಬನ್ನೇ ತಂದು ಟ್ಯಾಂಕಿಗೆ ಒತ್ತಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ. ಜಾಗ ಬದಲಿಸಿದರು; ಒತ್ತಿದರು; ಉಜ್ಜಿದರು; ಕೊನೆಗೆ ಯಂತ್ರದ ಬೆನ್ನಿಗೊಂದು ಗುದ್ದು ಕೊಟ್ಟರು.

“ಗುರುಜಿ, ಮಶೀನ್ ಖರಾಬ್ ಝಾಲಂ ಕಾ?” ಎಂದು ನನ್ನನ್ನು ಕೇಳಿದರು.

ಯಂತ್ರ ಕೆಟ್ಟಿರಲಿಲ್ಲ. ಉಕ್ಕಿನ ಪ್ರೋಬು ಕಳುಹಿಸುವ ಅಲೆಗಳು ಬಹಳ ಸಣ್ಣವು. ಗಾಜಿನ ನೂಲುಗಳ ಕಾಡಿಗೆ ನುಗ್ಗಿದರೆ ಅಲ್ಲಿಯೇ ಚದುರಿ ಕಳೆದುಹೋಗುತ್ತವೆ. ಫೈಬರಿಗೆ ಉದ್ದನೆಯ, ನಿಧಾನದ ಅಲೆಗಳು ಬೇಕು. ಇದನ್ನು ನಾನು ಪುಸ್ತಕದಿಂದ ಓದಿ ಹೇಳಿದಾಗ ಅವರು, “ಅಂದರೆ ದಡ್ಡ ಹುಡುಗನಿಗೆ ನಿಧಾನವಾಗಿ ಪ್ರಶ್ನೆ ಕೇಳಬೇಕು, ಅಷ್ಟೇ ತಾನೇ?” ಎಂದು ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡರು. ಹೊಸ ಪ್ರೋಬು ಬರುವ ತನಕ ನಾವು ನಾಣ್ಯದಿಂದಲೇ ಸಂಸಾರ ಸಾಗಿಸಿದೆವು.

ನಾಣ್ಯದ ಅಭ್ಯಾಸ ಕೈಗೆ ಹತ್ತಿದರೆ ಬಿಡುವುದಿಲ್ಲ. ಲೋಕಲ್ ರೈಲಿನಲ್ಲಿ ನಿಂತರೆ ಡಬ್ಬಿಯ ಗೋಡೆಯನ್ನು ತಟ್ಟುತ್ತಿದ್ದೆ. ಮನೆಯಲ್ಲಿ ಬಾಗಿಲು, ಕಪಾಟು, ಇಡ್ಲಿ ಪಾತ್ರೆ ಯಾವುದನ್ನೂ ಬಿಡಲಿಲ್ಲ. ಧಾರವಾಡದ ಕಡೆಯವಳಾದ ನನ್ನ ಹೆಂಡತಿ ಸುಮಿತ್ರೆ ಒಂದು ದಿನ ಅಡುಗೆಮನೆಯಿಂದಲೇ ಕೂಗಿದಳು: “ಏನ್ರೀ, ಮುಂಜಾನೆ ಮುಂಜಾನೆ ಅದೇನ್ ಬಡೀಲಿಕತ್ತೀರಿ? ಮ್ಯಾಲಿನ ಮನಿಯವರು ಬಾಗಲಾ ತಗದು ಯಾರು ಬಂದಾರಂತ ನೋಡ್ಯಾರ.”

ಈ ಕೀರ್ತಿ ಹಬ್ಬಲು ತಡವಾಗಲಿಲ್ಲ. ಕಲ್ಯಾಣದಲ್ಲೋ ಬದಲಾಪುರದಲ್ಲೋ ಹೊಸ ಫ್ಲಾಟಿನ ಕೀಲಿ ಸಿಕ್ಕ ಪರಿಚಯಸ್ಥರೆಲ್ಲ ನೆಲದ ಟೈಲುಗಳನ್ನು ತಟ್ಟಿಕೊಡಲು ನನ್ನನ್ನು ಕರೆಯತೊಡಗಿದರು. ಟೈಲಿನ ಅಡಿಯಲ್ಲಿ ಸಿಮೆಂಟು ತುಂಬಿರದಿದ್ದರೆ ಅದೂ ‘ಡಬ್’ ಎನ್ನುತ್ತದೆಯಷ್ಟೆ. ಒಂದು ಮನೆಯಲ್ಲಿ ನಾನು ಮೊಣಕಾಲೂರಿ ತೆವಳುತ್ತ ಟೊಳ್ಳು ಟೈಲುಗಳಿಗೆ ಸುಣ್ಣದ ಕಡ್ಡಿಯಿಂದ ಗುಣಾಕಾರದ ಚಿಹ್ನೆ ಹಾಕುತ್ತಿದ್ದಾಗ ಬಿಲ್ಡರನ ಮನುಷ್ಯ ಒಳಗೆ ಬಂದ. ಕೋಣೆಯ ತುಂಬ ಚಿಹ್ನೆಗಳನ್ನು ಕಂಡು, “ಯೇ ಮಾಂತ್ರಿಕ್ ಕಿಸ್ನೆ ಬುಲಾಯಾ?” ಎಂದ. ಮಂತ್ರವಾದಿಯೆನಿಸಿಕೊಂಡದ್ದಕ್ಕೆ ನನಗೆ ಬೇಸರವಾಗಲಿಲ್ಲ. ಚಿಹ್ನೆಗಳ ಸಾಲು ಸೊಟ್ಟಗಾಗಿದ್ದಕ್ಕೆ ಬೇಸರವಾಯಿತು.

ಹೊಸ ಪ್ರೋಬು ಬಂದ ಮೇಲೆ ಹೊಸ ತಾಪತ್ರಯಗಳೂ ಬಂದವು. ಪ್ರೋಬಿಗೂ ವಸ್ತುವಿಗೂ ನಡುವೆ ಗಾಳಿ ಇದ್ದರೆ ಅಲೆ ಒಳಗೆ ಹೋಗುವುದಿಲ್ಲ. ಆದ್ದರಿಂದ ನಡುವೆ ಒಂದು ಲೇಪವನ್ನು ಹಚ್ಚಬೇಕು. ಒಮ್ಮೆ ರಬಾಳೆಯ ಕಾರ್ಖಾನೆಯಲ್ಲಿ ಕೆಲಸ ಅರ್ಧವಾಗಿರುವಾಗ ಲೇಪ ಮುಗಿಯಿತು. ದಾಮ್ಲೆ ಸಾಹೇಬರು ಕ್ಯಾಂಟೀನಿಗೆ ಹೋಗಿ ಅನ್ನ ಬಸಿದ ಗಂಜಿಯನ್ನು ಬಕೆಟ್ಟಿನಲ್ಲಿ ತಂದರು. ಗಂಜಿ ಅದ್ಭುತವಾಗಿ ಕೆಲಸ ಮಾಡಿತು. ನಾವು ಊಟ ಮುಗಿಸಿ ಬಂದು ನೋಡಿದರೆ ಒಂದು ಆಡು ಟ್ಯಾಂಕಿನ ಕೆಳಭಾಗವನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು. ನಾನು ಗೆರೆ ಎಳೆದು ಗುರುತಿಸಿದ್ದ ಹಾನಿಯ ಜಾಗಗಳೆಲ್ಲ ಅದರ ಹೊಟ್ಟೆ ಸೇರಿದ್ದವು. ಮರುದಿನ ಒಣಗಿದ ಗಂಜಿಯನ್ನೂ ಆಡಿನ ಜೊಲ್ಲನ್ನೂ ಒರೆಸಿ ಮೊದಲಿನಿಂದ ಪರೀಕ್ಷಿಸಬೇಕಾಯಿತು. ಅಂದಿನಿಂದ ನಾನೊಂದು ನಿಯಮಾವಳಿಯನ್ನು ರೂಪಿಸಿದೆ. ಅದರ ಮೊದಲ ನಿಯಮ: ಪರೀಕ್ಷೆಗೆ ಮುನ್ನ ಮೇಲ್ಮೈಯನ್ನು ಸಂಪೂರ್ಣವಾಗಿ ಒರೆಸತಕ್ಕದ್ದು. ಧೂಳು, ಎಣ್ಣೆ, ಅಂಟು, ಬಣ್ಣ, ಏನಿದ್ದರೂ ಮೊದಲು ಒರೆಸು, ಅನಂತರ ಕೇಳು. ಇಷ್ಟು ಸ್ಪಷ್ಟವಾದ ನಿಯಮ ಇಡೀ ಠಾಣೆ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ನನಗೆ ಹೆಮ್ಮೆಯಿತ್ತು. ಈ ಹೆಮ್ಮೆಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಅಮೀನರ ವಿಷಯ. ಭಾಸ್ಕರ ಅಮೀನರು ಉಡುಪಿಯ ಕಡೆಯವರು. ಎಳೆಯ ವಯಸ್ಸಿನಲ್ಲಿ ಠಾಣೆಯ ಹೋಟೆಲೊಂದರಲ್ಲಿ ಕಲ್ಲಿನಲ್ಲಿ ಹಿಟ್ಟು ರುಬ್ಬುತ್ತ ಬೆಳೆದವರು. ಅನಂತರ ಒಂದು ಫೈಬರ್ ಕಾರ್ಖಾನೆಯಲ್ಲಿ ಕೆಲಸ ಕಲಿತು, ದಿವಾ ಆಚೆಗಿನ ಶಿಳ್ ರಸ್ತೆಯ ಬದಿಯಲ್ಲಿ ತಮ್ಮದೇ ಶೆಡ್ಡು ಹಾಕಿ ಆಮ್ಲ ತುಂಬುವ ಟ್ಯಾಂಕುಗಳನ್ನು ಮಾಡುತ್ತಿದ್ದರು. ಪದರದ ಮೇಲೆ ಪದರವಿಟ್ಟು ರಾಳ ಬಳಿದು ರೋಲರಿನಿಂದ ಗಾಳಿಗುಳ್ಳೆಗಳನ್ನು ಹೊರಡಿಸುವ ಕೊನೆಯ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ರುಬ್ಬಿ ರುಬ್ಬಿ ಗಟ್ಟಿಯಾದ ತೋಳುಗಳು. ಅವರ ಟ್ಯಾಂಕನ್ನು ಎಲ್ಲಿ ತಟ್ಟಿದರೂ ದೇವಸ್ಥಾನದ ಗಂಟೆಯಂತೆ ಠಣ್ ಎನ್ನುತ್ತಿತ್ತು.

ಮಹಾಪೆಯ ಒಂದು ರಾಸಾಯನಿಕ ಕಾರ್ಖಾನೆಯವರು ಸಾಲಾಗಿ ಟ್ಯಾಂಕುಗಳನ್ನು ಮಾಡಿಕೊಡುವಂತೆ ಅವರನ್ನು ಕೇಳಿದರು. ಶೆಡ್ಡಿನಲ್ಲಿ ಒಮ್ಮೆ, ಕಾರ್ಖಾನೆಯಲ್ಲಿ ಇಳಿಸಿದ ಮೇಲೆ ಇನ್ನೊಮ್ಮೆ, ಹೀಗೆ ಎರಡು ಸಲ ಪರೀಕ್ಷೆ ಮಾಡುವ ಹೊಣೆ ನಮ್ಮದು. ಮೊದಲ ಟ್ಯಾಂಕು ಶೆಡ್ಡಿನಲ್ಲಿ ನಿರ್ದೋಷ. ಕಾರ್ಖಾನೆಯಲ್ಲಿ ಪರೀಕ್ಷಿಸಿದರೆ, ಮನುಷ್ಯ ಒಳಗೆ ಇಳಿಯುವ ಬಾಗಿಲಿನ ಪಕ್ಕದಲ್ಲಿ, ಎದೆಯ ಎತ್ತರಕ್ಕೆ, ಅಂಗೈಯಗಲದ ‘ಡಬ್’. ಒಳಪದರ ಬಿಟ್ಟಿತ್ತು. ಆಮ್ಲ ತುಂಬಿದರೆ ಅಲ್ಲಿಂದಲೇ ಸೋರಿಕೆ ಆರಂಭವಾಗುವುದು ಖಂಡಿತ. ಎರಡನೆಯ ಟ್ಯಾಂಕಿಗೂ ಅದೇ ಗತಿ; ಅದೇ ಎತ್ತರ, ಅದೇ ಪಕ್ಕ.

ಕಾರ್ಖಾನೆಯ ಇಂಜಿನಿಯರು ವಾಘ್ ಮೇಡಂ ಕಡ್ಡಿ ಮುರಿದಂತೆ ಮಾತಾಡುವವರು. ಮೂರನೆಯದೂ ಹೀಗೆಯೇ ಆದರೆ ಅಮೀನರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದರು. ಆ ಕಾರ್ಖಾನೆ ತೆಗೆದರೆ ಸುತ್ತಲಿನ ಕಾರ್ಖಾನೆಗಳೂ ತೆಗೆಯುತ್ತವೆ, ಶೆಡ್ಡಿಗೆ ಬೀಗ. ದಾಮ್ಲೆ ಸಾಹೇಬರು ನನ್ನನ್ನು ಕರೆದು, “ಗುರುಜಿ, ನಿಮ್ಮ ಎರಡು ವರದಿಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ಯಾವುದು?” ಎಂದರು. ಎರಡರಲ್ಲಿಯೂ ಒಂದು ಅಲ್ಪವಿರಾಮ ಕೂಡ ತಪ್ಪಿಲ್ಲವೆಂದು ನಾನು ಉತ್ತರಿಸಿದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಭಾನುವಾರ ಅಮೀನರು ನಮ್ಮ ಮನೆಗೇ ಬಂದರು. ಚಹಾ ಮುಟ್ಟಲಿಲ್ಲ.

“ಎಂತ ಮಾಷ್ಟ್ರೇ, ನಿಮಗೆ ನನ್ನ ಮೇಲೆ ಏನಾದ್ರೂ ಸಿಟ್ಟುಂಟಾ? ಇಲ್ಲಿ ಪಾಸು, ಅಲ್ಲಿ ಫೇಲು. ನಿಮ್ಮ ಶಾಲೆಯಲ್ಲೂ ಹೀಗೇ ಮಾಡ್ತಿದ್ರಾ?”

“ಅಮೀನರೇ, ಟ್ಯಾಂಕು ಹೇಳಿದ್ದನ್ನು ನಾನು ಬರೆದೆ.”

“ಹಾಗಾದ್ರೆ ಲಾರಿಯವನು ಮಾಡಿದ್ದು. ಶಿಳ್ ರೋಡ್ ನೋಡಿದ್ದೀರಲ್ಲ, ಅದು ರಸ್ತೆಯಾ ಮಾರಾಯ್ರೇ? ಅಲ್ಲ, ನನ್ನ ಕೈಯೇ ಹೋಯ್ತು ಅಂತಾದ್ರೆ ಅದನ್ನೂ ಹೇಳಿಬಿಡಿ. ಬೇರೆಯವರ ಬಾಯಲ್ಲಿ ಕೇಳುದಕ್ಕಿಂತ ನಿಮ್ಮ ಬಾಯಲ್ಲಿ ಕೇಳಿದ್ರೆ ಒಳ್ಳೇದು.”

ತಮ್ಮ ಎರಡು ಅಂಗೈಗಳನ್ನು ಮೇಜಿನ ಮೇಲೆ ತೆರೆದಿಟ್ಟು ಅವರು ಅವನ್ನೇ ನೋಡುತ್ತ ಕುಳಿತರು. ಒಳಗಿನಿಂದ ಸುಮಿತ್ರೆ, “ನೀವ ಒಮ್ಮೆ ಲಾರ‍್ಯಾಗ ಕೂತು ಹೋಗಿ ನೋಡ್ರೆಲಾ” ಎಂದಳು. ನಿಯಮಾವಳಿಯಲ್ಲಿ ಇಲ್ಲದ ಸಲಹೆಯಾದರೂ ತರ್ಕಬದ್ಧವಾಗಿತ್ತು.

ಮೂರನೆಯ ಟ್ಯಾಂಕು ಹೊರಟ ದಿನ ನಾನು ಲಾರಿಯಲ್ಲಿ ಚಾಲಕನ ಪಕ್ಕ ಕುಳಿತೆ. ಪ್ರತಿ ದೊಡ್ಡ ಗುಂಡಿ ದಾಟಿದ ಮೇಲೆ ಲಾರಿ ನಿಲ್ಲಿಸಿ, ಹಿಂದೆ ಹತ್ತಿ, ಟ್ಯಾಂಕಿನ ಸುತ್ತ ತಟ್ಟಿ ಬರುವುದೆಂದು ನನ್ನ ಯೋಜನೆ. ಶಿಳ್ ಫಾಟಾ ಕೂಡುರಸ್ತೆ ತಲುಪುವಷ್ಟರಲ್ಲಿ ನಮ್ಮ ಹಿಂದಿನ ವಾಹನಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಬೆಳೆದಿತ್ತು. ಒಬ್ಬ ರಿಕ್ಷಾದವನು ತಲೆ ಹೊರಗೆ ಹಾಕಿ, “ಅರೇ ಚಾಚಾ, ಟಂಕಿ ಕೆ ಅಂದರ್ ಕೌನ್ ಹೈ? ದರ್‌ವಾಜಾ ಖೋಲ್ ರಹಾ ಹೈ ಕ್ಯಾ?” ಎಂದು, ಒಳಗಿರುವವನು ಬಾಗಿಲು ತೆಗೆದನೇ ಎಂದು ಕೇಳುವಂತೆ ಕೂಗಿದ. ಚಾಲಕ ನನ್ನ ಪರವಾಗಿ ಗಂಭೀರವಾಗಿ, “ಡಾಕ್ಟರ್ ಹೈ” ಎಂದ. ಟ್ಯಾಂಕು ಮಾತ್ರ ದಾರಿಯುದ್ದಕ್ಕೂ ಠಣ್ ಠಣ್ ಎನ್ನುತ್ತಲೇ ಇತ್ತು.

ಮಹಾಪೆಯಲ್ಲಿ ಕ್ರೇನು ಅದನ್ನು ಎತ್ತಿ ಕಾಂಕ್ರೀಟಿನ ಅಡಿಪಾಯದ ಮೇಲೆ ಹೂವಿನಂತೆ ಇರಿಸಿತು. ಮತ್ತೆ ಸುತ್ತಲೂ ತಟ್ಟಿದೆ. ನಿರ್ದೋಷ. ಲಾರಿಯೂ ನಿರಪರಾಧಿ, ಕ್ರೇನೂ ನಿರಪರಾಧಿ. ಮಧ್ಯಾಹ್ನದ ಮೇಲೆ ವಾಘ್ ಮೇಡಂ ಎದುರಿಗೆ ವಿಧಿವತ್ತಾದ ಪರೀಕ್ಷೆ ನಡೆಸುವುದೆಂದು ನಿಶ್ಚಯಿಸಿ, ಟ್ಯಾಂಕಿನ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿದೆ.

ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಅಮೀನರು ಬಂದರು. ಸ್ನಾನ ಮಾಡಿ, ಬಿಳಿಯ ಪಂಚೆಯುಟ್ಟು, ಹಣೆಗೆ ಗಂಧವಿಟ್ಟು, ಕೈಯಲ್ಲಿ ಹರಿವಾಣ ಹಿಡಿದಿದ್ದರು. ಹರಿವಾಣದಲ್ಲಿ ಹೂವು, ಕುಂಕುಮ, ಊದುಬತ್ತಿ ಮತ್ತು ಒಂದು ತೆಂಗಿನಕಾಯಿ.

“ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಮಾಷ್ಟ್ರೇ. ಪ್ರತಿ ಟ್ಯಾಂಕಿಗೂ ನಾನೇ ಬಂದು ಮಾಡಿ ಹೋಗುದು. ನೀವು ಊಟ ಮಾಡಿ, ಮಾಡಿ” ಎಂದು, ಬಾಗಿಲಿನ ಪಕ್ಕದಲ್ಲಿ ಎದೆಯ ಎತ್ತರಕ್ಕೆ ಕುಂಕುಮ ಹಚ್ಚಿ ಕೈ ಮುಗಿದರು. ಅನಂತರ ಕಾಯನ್ನು ಎತ್ತಿ, ಅದೇ ಜಾಗಕ್ಕೆ, ರುಬ್ಬುಕಲ್ಲಿನಲ್ಲಿ ಬೆಳೆದ ಆ ತೋಳಿನ ಸಮಸ್ತ ಬಲದಿಂದ ಅಪ್ಪಳಿಸಿದರು.

ಕಾಯಿ ಒಡೆಯಲಿಲ್ಲ. ಫೈಬರು ಕಲ್ಲಲ್ಲ, ಬಡಿದರೆ ಬಾಗಿ ಹಿಂದಕ್ಕೆ ಚಿಮ್ಮುತ್ತದೆ. ಅಮೀನರಿಗೆ ಅದು ರೂಢಿಯಾಗಿತ್ತು. “ಫೈಬರಿಗೆ ಮೂರು ಪೆಟ್ಟು ಬೇಕು” ಎನ್ನುತ್ತ, ಇನ್ನೂ ಹಿಂದಕ್ಕೆ ತೋಳೆತ್ತಿದರು. ಆದರೆ ಆ ಮೊದಲ ಪೆಟ್ಟಿನೊಳಗೆ ನನ್ನ ಕಿವಿ ಇನ್ನೊಂದು ಸದ್ದನ್ನು ಕೇಳಿತ್ತು: ಒಣಗಿದ ಹಪ್ಪಳ ಮುರಿದಷ್ಟು ಸಣ್ಣದು, ಟ್ಯಾಂಕಿನ ಗೋಡೆಯ ಒಳಗಿನಿಂದ ಬಂದದ್ದು.

ಡಬ್ಬಿ ಉರುಳಿತು. ನಾನು ಓಡಿ ಅನ್ನದ ಕೈಯಲ್ಲೇ ಅವರ ಮಣಿಕಟ್ಟನ್ನು ಹಿಡಿದುಕೊಂಡೆ.

“ಎಂತ ಮಾಡ್ತೀರಿ ಮಾಷ್ಟ್ರೇ! ಎಂಜಲು ಕೈ! ಪೂಜೆ ಅರ್ಧಕ್ಕೆ ನಿಲ್ಲಿಸ್ಲಿಕ್ಕುಂಟಾ?”

“ನಿಲ್ಲಿಸದಿದ್ದರೆ ಟ್ಯಾಂಕು ನಿಲ್ಲುವುದಿಲ್ಲ, ಅಮೀನರೇ.”

ನಾವಿಬ್ಬರೂ ತೆಂಗಿನಕಾಯಿಯನ್ನು ನಡುವೆ ಹಿಡಿದು ಜಗ್ಗಾಡುತ್ತಿರುವಾಗ ವಾಘ್ ಮೇಡಂ ಬಂದು ನಿಂತರು. “ಅಹೋ ಮಾಸ್ತರ್, ಹೇ ಕಾಯ್ ಚಾಲಲಂಯ್?” ಎಂದರು. ಏನು ನಡೆಯುತ್ತಿದೆ ಎಂಬ ಆ ಪ್ರಶ್ನೆಗೆ ಉತ್ತರವನ್ನು ಟ್ಯಾಂಕಿನಿಂದಲೇ ಕೊಡಿಸಿದೆ. ನಾಣ್ಯ ತೆಗೆದು ತಟ್ಟಿದೆ. ಠಣ್, ಠಣ್, ಠಣ್. ಕುಂಕುಮದ ಬೊಟ್ಟಿನ ಮೇಲೆ, ಡಬ್.

ಆಗ ನನಗೆ ಹೊಳೆದ ಸಂಗತಿಯನ್ನು ಬರೆಯಲು ಈಗಲೂ ನಗು ಬರುತ್ತದೆ. ಹಿಂದಿನ ಎರಡೂ ಟ್ಯಾಂಕುಗಳಲ್ಲಿ ಹಾನಿಯ ಜಾಗದ ಮೇಲೆ ಸರಿಯಾಗಿ ಕುಂಕುಮವಿತ್ತು. ಕಾಯಿನೀರು ಒಣಗಿದ ಅಂಟಿತ್ತು. ಒಂದೆರಡು ಕಾಯಿನಾರೂ ಇದ್ದವು. ನಾನು ಅವನ್ನೆಲ್ಲ ಮೊದಲ ನಿಯಮಾನುಸಾರ ಒದ್ದೆಬಟ್ಟೆಯಿಂದ ನೀಟಾಗಿ ಒರೆಸಿ, ‘ಮೇಲ್ಮೈಯನ್ನು ಶುಚಿಗೊಳಿಸಲಾಯಿತು’ ಎಂದು ಬರೆದು, ಅನಂತರ ಹಾನಿಯ ಕಾರಣವನ್ನು ಯಂತ್ರದಲ್ಲಿ ಹುಡುಕಿದ್ದೆ.

ವಾಘ್ ಮೇಡಂ ಸುಲಭವಾಗಿ ನಂಬುವವರಲ್ಲ. ಟ್ಯಾಂಕಿಗೆ ಬಾಗಿಲು ಕೊರೆದಾಗ ಉಳಿಯುವ ದುಂಡನೆಯ ತುಂಡನ್ನು ಮಾದರಿಗಾಗಿ ಜೊತೆಯಲ್ಲೇ ಕಳುಹಿಸುವುದು ಪದ್ಧತಿ. ಅದನ್ನು ತರಿಸಿ, ಮೊದಲು ಪ್ರೋಬಿಟ್ಟು ನೋಡಿ, ಅನಂತರ ಅದರ ಮೇಲೆ ಕಾಯಿ ಒಡೆಯಲು ಅಮೀನರಿಗೆ ಹೇಳಿದರು. ಮೂರು ಪೆಟ್ಟಿಗೆ ಕಾಯಿ ಒಡೆಯಿತು. ಮೇಲೆ ಒಂದು ಗೀರೂ ಇರಲಿಲ್ಲ. ಮತ್ತೆ ಪ್ರೋಬಿಟ್ಟಾಗ, ಆಚೆಯ ಮುಖದಿಂದ ಮರಳಬೇಕಾದ ಅಲೆ ನಡುದಾರಿಯಿಂದಲೇ ಮರಳಿತು. ಪದರ ಬಿಟ್ಟಿತ್ತು.

ಅಮೀನರು ಅಡಿಪಾಯದ ಅಂಚಿನಲ್ಲಿ ಕುಳಿತುಬಿಟ್ಟರು. “ಅಂದ್ರೆ, ನಾನೇ?”

“ನಿಮ್ಮ ಕೆಲಸದಲ್ಲಿ ದೋಷವಿಲ್ಲ, ಅಮೀನರೇ. ಭಕ್ತಿಯ ತೂಕ ಸ್ವಲ್ಪ ಹೆಚ್ಚಾಯಿತು.”

ಅವರು ತಮ್ಮ ಅಂಗೈಗಳನ್ನು ಮತ್ತೊಮ್ಮೆ ನೋಡಿಕೊಂಡು, ಹೊಟ್ಟೆ ಕುಲುಕುವಂತೆ ನಗತೊಡಗಿದರು. “ಕೈ ಹೋಗ್ಲಿಲ್ಲ ಹಾಗಾದ್ರೆ! ಕೈ ಸರಿ ಉಂಟು!” ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. ನಗುವಿನ ನೀರೋ ಬೇರೆಯದೋ ನಾನು ವಿಚಾರಿಸಲಿಲ್ಲ.

ವಾಘ್ ಮೇಡಂ ಪಟ್ಟಿಯಿಂದ ಹೆಸರು ತೆಗೆಯಲಿಲ್ಲ. ಮೂರೂ ಟ್ಯಾಂಕುಗಳ ಆ ಜಾಗವನ್ನು ಉಜ್ಜಿ ಹೊಸ ಪದರಗಳನ್ನು ಕೂರಿಸಿಕೊಡಬೇಕೆಂದರು. ಅದು ಇತ್ಯರ್ಥವಾಯಿತೆನ್ನುವಷ್ಟರಲ್ಲಿ ಅವರೇ ಇನ್ನೊಂದು ಪ್ರಶ್ನೆ ಎತ್ತಿದರು: ತೆಂಗಿನಕಾಯಿ ಒಡೆಯದೆ ಟ್ಯಾಂಕಿಗೆ ಆಮ್ಲ ತುಂಬಿಸಲು ತಮ್ಮ ಕೆಲಸಗಾರರು ಒಪ್ಪುವುದಿಲ್ಲ, ಎಲ್ಲಿ ಒಡೆಯುವುದು? ಅಡಿಪಾಯದ ಮೇಲೆ ಒಡೆಯಿರಿ ಎಂದು ನಾನು ಹೇಳಿದೆ. “ಅದು ಅಡಿಪಾಯಕ್ಕೆ ಒಡೆದ ಹಾಗಾಯ್ತು. ಟ್ಯಾಂಕಿಗೆ ಮುಟ್ಟುದು ಹೇಗೆ?” ಎಂದರು ಅಮೀನರು. ವಾದ ಸಂಜೆಯವರೆಗೆ ನಡೆಯಿತು. ಕೊನೆಗೆ ಸಂಧಾನ ಹೀಗಾಯಿತು: ಅಮೀನರ ಹಳೆಯ ಹೋಟೆಲಿನ ಒಂದು ರುಬ್ಬುಕಲ್ಲನ್ನು ತಂದು ಟ್ಯಾಂಕಿನ ಎದುರಿಗಿಡುವುದು, ಕಲ್ಲಿನಿಂದ ಟ್ಯಾಂಕಿಗೆ ಒಂದು ಕೆಂಪು ದಾರ ಕಟ್ಟುವುದು, ಕಾಯಿಯನ್ನು ಕಲ್ಲಿಗೆ ಒಡೆಯುವುದು. ಇದನ್ನು ಕೇಳಿದ ದಾಮ್ಲೆ ಸಾಹೇಬರು, “ಬರೋಬರ್! ನಮ್ಮ ಪ್ರೋಬಿಗೆ ಗಂಜಿ, ದೇವರಿಗೆ ದಾರ” ಎಂದು ಮೆಚ್ಚಿದರು. ಆ ಕಲ್ಲು ಅನಂತರ ಅಮೀನರ ಪ್ರತಿಯೊಂದು ಟ್ಯಾಂಕಿನ ಜೊತೆಗೂ ಲಾರಿಯಲ್ಲಿ ತಳೋಜಾ, ತುರ್ಭೆ, ಕಲ್ಯಾಣ ಎಲ್ಲ ಸುತ್ತಿತು. ಎದೆಯ ಎತ್ತರದ ‘ಡಬ್’ ಮತ್ತೆ ಕೇಳಿಬರಲಿಲ್ಲ.

ನಾನು ನನ್ನ ಮೊದಲ ನಿಯಮವನ್ನು ತಿದ್ದಿದೆ: ‘ಮೇಲ್ಮೈಯನ್ನು ಮೊದಲು ನೋಡತಕ್ಕದ್ದು, ಅನಂತರ ಒರೆಸತಕ್ಕದ್ದು.’ ಈಗಿನವರ ಬಳಿ ಬಣ್ಣದ ಚಿತ್ರವನ್ನೇ ಬಿಡಿಸಿ ತೋರಿಸುವ ಯಂತ್ರಗಳಿವೆ. ಹಾನಿಯ ಅಗಲ, ಆಳ ಎಲ್ಲವನ್ನೂ ಅವು ಹೇಳುತ್ತವೆ. ಆದರೆ ಒರೆಸುವ ಒದ್ದೆಬಟ್ಟೆ ಇನ್ನೂ ಮನುಷ್ಯನ ಕೈಯಲ್ಲೇ ಇರುತ್ತದೆ.

ಐವತ್ತು ದಾಟಿ ಕಿವಿ ಕೊಂಚ ಮಂದವಾಯಿತೆನ್ನಿಸಿದ ಕೂಡಲೇ ನಾನು ಸ್ವಂತ ಇಚ್ಛೆಯಿಂದ ನಿವೃತ್ತನಾದೆ. ನನ್ನ ಕೊನೆಯ ಕೆಲಸ ಅಮೀನರದೇ ಒಂದು ಟ್ಯಾಂಕು, ತಳೋಜಾದಲ್ಲಿ. ಪರೀಕ್ಷೆ ಮುಗಿಯಿತು, ನಿರ್ದೋಷ. ರುಬ್ಬುಕಲ್ಲು ಇಳಿಸಿ, ದಾರ ಕಟ್ಟಿ, ಅಮೀನರು ಕಾಯನ್ನು ನನ್ನ ಕೈಗೆ ಕೊಟ್ಟರು.

“ಮಾಷ್ಟ್ರೇ, ಇವತ್ತು ಇದನ್ನೂ ಒಮ್ಮೆ ತಟ್ಟಿ ಪಾಸು ಮಾಡಿಕೊಡಿ. ನಿಮ್ಮ ಕೊನೆಯ ಸರ್ಟಿಫಿಕೇಟು ದೇವರಿಗೇ ಇರಲಿ.”

ಎಲ್ಲರೂ ನೋಡುತ್ತಿದ್ದರು. ನಾಣ್ಯ ತೆಗೆದೆ. ಕಾಯನ್ನು ಕಿವಿಯ ಬಳಿ ಹಿಡಿದು, ತಿರುಗಿಸಿ ತಿರುಗಿಸಿ, ಬೆರಳಗಲಕ್ಕೊಮ್ಮೆ ತಟ್ಟಿದೆ. ಸ್ಪಷ್ಟವಾಗಿ ಠಣ್ ಎಂದೇ ಕೇಳಿಸಿತು. “ಒಳಗೆ ಯಾವುದೇ ಹಾನಿ ಇರುವುದಿಲ್ಲ. ಸ್ವೀಕಾರಾರ್ಹ” ಎಂದು ಪೂರ್ಣ ವಾಕ್ಯದಲ್ಲಿ ಘೋಷಿಸಿದೆ.

ಅಮೀನರು ಒಂದೇ ಪೆಟ್ಟಿಗೆ ಒಡೆದರು. ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡರು. ಕಾಯಿ ಪೂರ್ತಿ ಕೊಳೆತಿತ್ತು.

ಅಮೀನರು ಎರಡು ಹೋಳುಗಳನ್ನೂ ನನ್ನ ಮುಂದೆ ಹಿಡಿದು, ವರ್ಷಗಟ್ಟಲೆ ನನ್ನಿಂದ ಕೇಳಿಸಿಕೊಂಡಿದ್ದ ದನಿಯಲ್ಲಿಯೇ ಹೇಳಿದರು: “ಹೊರಗೆ ಲಕ್ಷಣ ಇಲ್ಲ, ಒಳಗೆ ಹಾನಿ ಉಂಟು. ರಿಜೆಕ್ಟ್.”

ಅನಂತರ ಜೋಳಿಗೆಯೊಳಗೆ ಕೈ ಹಾಕಿ ಇನ್ನೊಂದು ಕಾಯನ್ನು ತೆಗೆದರು. ನನ್ನ ಕೈ ತಾನಾಗಿಯೇ ಮುಂದೆ ಚಾಚಿತು. ಅವರು ಕಾಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ಬೇಡ ಮಾಷ್ಟ್ರೇ. ಇದು ಒಳ್ಳೇದುಂಟು. ಇದನ್ನು ನೀವು ಪರೀಕ್ಷೆ ಮಾಡುದು ಬೇಡ.”